ಬಂಪರ್ ಹೊಡೆದದ್ದು ಯಾರಿಗೆ?

ಮಾನ್ಯ ಸಂಪಾದಕರೇ,

ಹೋದ ಆದಿತ್ಯವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಹಾಸ್ಯಗಾರ ಮುನಾವರ್ ಫಾರೂಕಿಯ ಬಗ್ಗೆ ಬರೆಯುತ್ತಾ, ‘ಜೈಲಿಗೆ ಹೋದದ್ದೇ ಅವನಿಗೆ ಓಣಂ ಬಂಪರ್ (ಕೇರಳ ಲಾಟರಿಯ ದೊಡ್ಡ ಬಹುಮಾನ) ಹೊಡೆದ ಹಾಗಾಯಿತು’ ಎಂದಿದ್ದಾರೆ. ಮಾತು ಚಂದ ಉಂಟು, ಓದಿ ನಾನೂ ನಕ್ಕೆ. ಲೆಕ್ಕ ಮಾತ್ರ ತಪ್ಪು. ನಾನು ಪೆರ್ಲದಲ್ಲಿ ಪಾತ್ರೆ ಅಂಗಡಿ ಇಟ್ಟವ. ಹವ್ಯಾಸಿ ಯಕ್ಷಗಾನ ತಂಡವೊಂದರಲ್ಲಿ ಇಪ್ಪತ್ತೆರಡು ವರ್ಷ ಹಾಸ್ಯದ ವೇಷ ಹಾಕಿದವ. ಮೊಣಕಾಲು ನೋವು ಶುರುವಾದ ಮೇಲೆ ಬಿಟ್ಟೆ. ಆದ್ದರಿಂದ ಈ ವಿಷಯದಲ್ಲಿ ಸ್ವಲ್ಪ ಬಾಯಿ ಹಾಕಲು ನನಗೂ ಹಕ್ಕುಂಟು ಅಂದುಕೊಂಡಿದ್ದೇನೆ.

ಈ ಹುಡುಗನ ಹೆಸರು ನನಗೆ ಗೊತ್ತಾದದ್ದು ತಂಗಿಯ ಮಗನಿಂದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವನು 2021ರ ನವೆಂಬರ್ 28ರಂದು ಗುಡ್ ಶೆಫರ್ಡ್ ಸಭಾಂಗಣದಲ್ಲಿದ್ದ ಶೋಗೆ ಟಿಕೆಟ್ ತೆಗೆದಿದ್ದ. ಶೋ ಆಗಲಿಲ್ಲ. ಈತ ವಿವಾದಾತ್ಮಕ ವ್ಯಕ್ತಿ, ಕಾರ್ಯಕ್ರಮ ಕೈಬಿಡಿ ಎಂದು ಪೊಲೀಸರು ವ್ಯವಸ್ಥಾಪಕರಿಗೆ ಪತ್ರ ಕೊಟ್ಟಿದ್ದರು. ಆರುನೂರಕ್ಕೂ ಹೆಚ್ಚು ಟಿಕೆಟ್ ಹೋಗಿತ್ತು, ಬಂದ ಹಣದಲ್ಲಿ ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಗೂ ಕೊಡಬೇಕೆಂದಿತ್ತು ಎಂದು ಆ ದಿನ ಫಾರೂಕಿಯೇ ಬರೆದುಕೊಂಡ. ಎರಡು ತಿಂಗಳಲ್ಲಿ ಹನ್ನೆರಡು ಶೋ ಹೀಗೆ ಹೋಯಿತಂತೆ. ‘ದ್ವೇಷ ಗೆದ್ದಿತು, ಕಲಾವಿದ ಸೋತ’ ಎಂದು ಬರೆದು, ತನ್ನ ಆಟ ಮುಗಿಯಿತು ಎಂದು ಕೈಮುಗಿದ.

ಅಷ್ಟಾದ ಮೇಲೆ ಕುತೂಹಲಕ್ಕೆ ಅವನ ಹಳೆಯ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿದೆ. ಹಿಂದಿ ನನಗೆ ಬೊಂಬಾಯಿಯ ಹೋಲ್‌ಸೇಲಿನವರ ಜೊತೆ ಚೌಕಾಸಿ ಮಾಡಿ ಬಂದದ್ದು, ಹಾಗಾಗಿ ಅವನ ಹಿಂದಿ ನನಗೆ ಪುಸ್ತಕದ ಹಿಂದಿಗಿಂತ ಬೇಗ ತಲೆಗೆ ಹೋಯಿತು. ಜುನಾಗಢದಲ್ಲಿ 1992ರಲ್ಲಿ ಹುಟ್ಟಿದವ, ಚಿಕ್ಕವನಿರುವಾಗಲೇ ತಾಯಿಯನ್ನು ಕಳೆದುಕೊಂಡವ, ಬೊಂಬಾಯಿಯ ಡೋಂಗ್ರಿಯಲ್ಲಿ ಬೆಳೆದವ. ಹುಡುಗನಾಗಿದ್ದಾಗ ಪಾತ್ರೆ ಅಂಗಡಿಯಲ್ಲಿ ದುಡಿದಿದ್ದನಂತೆ. ಇದನ್ನು ಕೇಳಿ ನನಗೆ ಸ್ವಲ್ಪ ಅಭಿಮಾನ ಬಂದದ್ದು ನಿಜ. ನಾನು ಹಿತ್ತಾಳೆ, ತಾಮ್ರ ತರಲು ಹೋಗುತ್ತಿದ್ದ ಪಾಯ್ಧೋನಿಯಿಂದ ಡೋಂಗ್ರಿಗೆ ನಡೆದೇ ಹೋಗಬಹುದು. ಪಾತ್ರೆ ಅಂಗಡಿಯಲ್ಲಿ ನಿಂತವನಿಗೆ ಗಿರಾಕಿಯ ಮುಖ ಓದುವ ವಿದ್ಯೆ ತಾನಾಗಿ ಬರುತ್ತದೆ. ಬೆರಳಿನಲ್ಲಿ ತಟ್ಟಿ ನೋಡುವವರು, ತಳ ತಿರುಗಿಸಿ ನೋಡುವವರು, ಸುಮ್ಮನೆ ಕ್ರಯ ಕೇಳಿ ಹೋಗುವವರು. ವೇದಿಕೆಯಲ್ಲಿ ಅವನು ಒಂದು ಮಾತು ಬಿಟ್ಟು ಸಭೆಯನ್ನು ನೋಡುತ್ತಾ ಸುಮ್ಮನೆ ನಿಲ್ಲುವ ಕ್ರಮದಲ್ಲಿ ನನಗೆ ಕಂಡದ್ದು ಆ ವಿದ್ಯೆಯೇ.

ಇನ್ನು ಆ ಜೈಲಿನ ವಿಷಯ. 2021ರ ಜನವರಿ 1ರಂದು ಇಂದೋರಿನ ಒಂದು ಕೆಫೆಯಲ್ಲಿ ಅವನ ಶೋಗೆ ಶಾಸಕಿಯೊಬ್ಬರ ಮಗ ಜನ ಕಟ್ಟಿಕೊಂಡು ಬಂದು ತಡೆದು, ದೂರು ಕೊಟ್ಟರು. ರಾಮ ಸೀತೆಯರ ಬಗ್ಗೆ ಅವನ ಹಿಂದಿನ ವಿಡಿಯೊ ಒಂದಿತ್ತು, ಸಿಟ್ಟು ಅದರ ಮೇಲಿನದ್ದು. ಆ ಮಾತು ನನಗೂ ಸರಿ ಕಂಡಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಂದಿನ ವೇದಿಕೆಯಲ್ಲಿ ದೇವರನ್ನು ಹಳಿದದ್ದಕ್ಕೆ ವಿಡಿಯೊ ಸಾಕ್ಷಿ ಇಲ್ಲ ಎಂದು ಠಾಣೆಯ ಅಧಿಕಾರಿಯೇ ಪತ್ರಿಕೆಯವರಿಗೆ ಹೇಳಿದ್ದರು. ಆದರೂ ಒಂದು ತಿಂಗಳು ದಾಟಿ ಒಳಗೆ. ಜನವರಿ 28ರಂದು ಹೈಕೋರ್ಟ್ ಜಾಮೀನು ನಿರಾಕರಿಸಿತು. ಅದು ಅವನ ಹುಟ್ಟಿದ ದಿನ. ಫೆಬ್ರವರಿ 5ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಟ್ಟಿತು. ಅದಾದ ಮೇಲೂ ಜೈಲಿನ ಬಾಗಿಲು ತೆರೆದದ್ದು ಮರುದಿನ ರಾತ್ರಿ.

ನಮ್ಮ ರಂಗಸ್ಥಳದಲ್ಲಿ ಇದಕ್ಕೆ ಬೇರೆಯೇ ಕ್ರಮ ಉಂಟು. ಹಾಸ್ಯಗಾರ ರಾಜನನ್ನು ಗೇಲಿ ಮಾಡಬಹುದು, ಪುರೋಹಿತನನ್ನು ಮಾಡಬಹುದು, ಎದುರು ಸಾಲಿನಲ್ಲಿ ಕೂತ ಆಡಳಿತ ಸಮಿತಿಯವರನ್ನೂ ಮಾಡಬಹುದು. ಅರಸ ಗ್ರಾಂಥಿಕದಲ್ಲಿ ಮಾತಾಡುವಾಗ ದೂತ ಬಂದು ಆಡುಮಾತಿನಲ್ಲಿ ಅವನ ಗಾಳಿ ತೆಗೆಯುತ್ತಾನೆ. ಯಕ್ಷಗಾನದ ಹೆಸರಾಂತ ಹಾಸ್ಯಗಾರರಾದ ಪೆರುವಡಿ ನಾರಾಯಣ ಭಟ್ಟರ ಪಾಪಣ್ಣನ ವೇಷ ಕಂಡವರಿಗೆ, ಮಿಜಾರು ಅಣ್ಣಪ್ಪನವರ ಮಾತು ಕೇಳಿದವರಿಗೆ ಇದನ್ನು ಹೇಳಬೇಕಾಗಿಲ್ಲ. (ನಾವಿರುವ ಕೇರಳದಲ್ಲಿ ದೇವಸ್ಥಾನಗಳಲ್ಲಿ ಪುರಾಣ ಕಥೆ ಹೇಳಿ ನಗಿಸುವ ಚಾಕ್ಯಾರ್ ಕೂತ್ತಿನವರಿಗೂ ಈ ಸಲುಗೆ ಇತ್ತು. ಚಾಕ್ಯಾರ್ ಎದುರು ಕೂತವರನ್ನು ಏನೆಂದರೂ ತಿರುಗಿ ಉತ್ತರ ಕೊಡಬಾರದು.) ಹಾಗಂತ ನಮಗೆ ಲಗಾಮು ಇಲ್ಲವೆಂದಲ್ಲ. ಮಾತು ದಾರಿ ತಪ್ಪಿತು ಅಂತ ಕಂಡರೆ ಹಾಡಿ ಆಟ ನಡೆಸುವ ಭಾಗವತರು ಜಾಗಟೆಗೆ ಒಂದು ಪೆಟ್ಟು ಕೊಟ್ಟು ಮುಂದಿನ ಪದ, ಅಂದರೆ ಹಾಡು, ಎತ್ತುತ್ತಾರೆ. ಚೆಂಡೆ ಸೇರಿಕೊಂಡಿತೆಂದರೆ ನೀವು ಎಂತಹ ಹಾಸ್ಯಗಾರನಾದರೂ ಬಾಯಿ ಮುಚ್ಚಿ ಕುಣಿಯಲೇಬೇಕು.

ನನಗೆ ಆ ಪೆಟ್ಟು ಒಮ್ಮೆ ಬಿದ್ದದ್ದುಂಟು. ಜಾತ್ರೆಯ ಮರುದಿನದ ಆಟ, ಶನೀಶ್ವರ ಮಹಾತ್ಮೆ. ನನ್ನದು ವಿಕ್ರಮನಿಗೆ ಆಶ್ರಯ ಕೊಡುವ ವರ್ತಕನ ವೇಷ. ಸಪ್ತಭಾಷೆಯ ಊರು ನಮ್ಮದು, ಭಾಷೆಯಲ್ಲಿ ನಗಿಸುವುದು ಸುಲಭ ಅಂತ ಕೊಂಕಣಿಯವರು ಕನ್ನಡ ಮಾತಾಡುವ ಧಾಟಿಯನ್ನು ಹಿಡಿದೆ. ಮೊದಲ ಮಾತಿಗೆ ಸಭೆ ನಕ್ಕಿತು, ಎರಡನೆಯದಕ್ಕೆ ಇನ್ನೂ ಜೋರು. ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಪದ ಬಂತು. ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಭಾಗವತರು ಬೀಡಿ ಹೊತ್ತಿಸುತ್ತಾ ‘ವೇಷ ವರ್ತಕನದ್ದು ಮಾರಾಯ, ನೀನು ಗೇಲಿ ಮಾಡಿದ್ದು ಎಂತದನ್ನು?’ ಅಂತ ಅಷ್ಟೇ ಕೇಳಿದರು. ನನಗೆ ಆಗ ತಲೆಗೆ ಹೋಗಲಿಲ್ಲ. ಮೂರು ದಿನ ಬಿಟ್ಟು ಪರಿಚಯದ ಹಿರಿಯರೊಬ್ಬರು ಅಂಗಡಿಗೆ ಬಂದು ದೋಸೆ ಕಾವಲಿ ತೆಗೆದುಕೊಂಡರು. ಚಿಲ್ಲರೆ ಎಣಿಸುತ್ತಾ, ‘ನನ್ನ ಪುಳ್ಳಿ (ಮೊಮ್ಮಗ) ನಿಮ್ಮ ವೇಷ ನೋಡಲಿಕ್ಕೆ ಅಂತಲೇ ನಿದ್ದೆಗೆಟ್ಟು ಬಂದಿದ್ದ. ಅರ್ಧದಲ್ಲಿ ಮನೆಗೆ ಹೋಗುವಾ ಅಂದ’ ಎಂದರು. ಅವರ ಮನೆಮಾತು ಕೊಂಕಣಿ. ನಾನು ಅಲ್ಲೇ ಕೈಮುಗಿದು ತಪ್ಪಾಯಿತೆಂದೆ. ಅವರು ‘ಹೋಗಲಿ ಬಿಡಿ’ ಎಂದು ಕಾವಲಿ ಕಂಕುಳಲ್ಲಿಟ್ಟು ಬಸ್ಸಿಗೆ ಹೋದರು. ಮುಂದಿನ ವರ್ಷ ಅದೇ ಪ್ರಸಂಗ, ಅದೇ ವೇಷ. ಆ ಸಲ ನನ್ನ ವರ್ತಕ ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸಿ ಹಿತ್ತಾಳೆ ತೂಗಿದ. ಪೇಟೆಯ ಜನ ನನ್ನ ಮುಖ ನೋಡಿ ನಕ್ಕದ್ದು ಹಿಂದಿನ ವರ್ಷಕ್ಕಿಂತ ಜಾಸ್ತಿ. ಆ ಹುಡುಗನೂ ಬಂದಿದ್ದ.

ಕಾಕತಾಳೀಯವೋ ಏನೋ, ಈ ಫಾರೂಕಿಯೂ 2024ರ ಆಗಸ್ಟಿನಲ್ಲಿ ಎಡವಿದ್ದು ಇಂಥದ್ದರಲ್ಲೇ. ಶೋ ಒಂದರಲ್ಲಿ ಕೊಂಕಣದವರ ಮೇಲೆ ಒಂದು ಕೀಳು ಮಾತು ಬಿಟ್ಟ. ಗದ್ದಲವೆದ್ದಿತು, ಬೆದರಿಕೆ ಬಂತು, ವಿಡಿಯೊ ಮಾಡಿ ಕ್ಷಮೆ ಕೇಳಿದ. ಬೆದರಿಕೆಗೆ ಹೆದರಿ ಕೇಳಿದನೋ, ಮನಸ್ಸಿನಿಂದ ಕೇಳಿದನೋ ಅವನಿಗೇ ಗೊತ್ತು. ಕೇಳಬೇಕಾದ್ದೇ ಇತ್ತು, ಕೇಳಿದ. ಯಾರೂ ಒಂದು ತಿಂಗಳು ಕಂಬಿ ಎಣಿಸದೆ ಅದು ಮುಗಿಯಿತು.

ಈಗ ಬಂಪರ್ ಲೆಕ್ಕಕ್ಕೆ ಬರುತ್ತೇನೆ. 2022ರ ಮೇಯಲ್ಲಿ ಕಂಗನಾ ರಣಾವತ್ ನಡೆಸಿಕೊಟ್ಟ ‘ಲಾಕ್ ಅಪ್’ ಎಂಬ ಶೋದಲ್ಲಿ ಅವನು ಗೆದ್ದ. ನಿಜವಾದ ಜೈಲಿನಿಂದ ಬಂದವನಿಗೆ ಸೆಟ್ಟು ಹಾಕಿದ ಜೈಲಿನಲ್ಲಿ ಬಹುಮಾನ! ಆ ವರ್ಷದ ಆಗಸ್ಟಿನಲ್ಲಿ ಹೈದರಾಬಾದಿನ ಶಿಲ್ಪಕಲಾ ವೇದಿಕೆಯಲ್ಲಿ ಮಾತಾಡಲು ಅವನಿಗೆ ಸುತ್ತಲೂ ಪೊಲೀಸ್ ಕಾವಲು ಬೇಕಾಯಿತು. ಬೆಂಗಳೂರಿನಲ್ಲಿ ಆಗಲೂ ಆಗಲಿಲ್ಲ. ಮತ್ತೆ ಹಿಂದಿಯ ಬಿಗ್ ಬಾಸ್. 2024ರ ಜನವರಿ 28, ಅದೇ ಹುಟ್ಟಿದ ದಿನ, ಕೈಯಲ್ಲಿ ಕಪ್ಪು, 50 ಲಕ್ಷ, ಒಂದು ಕಾರು. ಪತ್ರ ಬರೆದವರು ಎಣಿಸಿದ್ದು ಇದನ್ನು. ನಾನು ಆ ಬಿಗ್ ಬಾಸನ್ನು ಹೆಂಡತಿಯ ಜೊತೆ ಕೂತು ನಾಲ್ಕೈದು ರಾತ್ರಿ ನೋಡಿದೆ. ಅವನ ಪ್ರೇಮ ಪ್ರಕರಣ, ಅಳು, ಯಾರು ಯಾರಿಗೆ ಮೋಸ ಮಾಡಿದರು ಎಂಬ ಪಂಚಾಯಿತಿಕೆ. ವಿಡಿಯೊದಲ್ಲಿ ಮಾತು ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದ ಹುಡುಗನನ್ನು ನಾನು ಅಲ್ಲಿ ಹುಡುಕಿದೆ. ಸಿಗಲಿಲ್ಲ. ಈಗ ವೆಬ್ ಸರಣಿಯಲ್ಲಿ ನಟಿಸುತ್ತಾನೆ, ಶೋಗಳೂ ಉಂಟು. ಒಳ್ಳೆಯದಾಗಲಿ. ಆದರೆ ಮಾತಾಡಿ ಅನ್ನ ತಿನ್ನುತ್ತಿದ್ದವನ ಹನ್ನೆರಡು ವೇದಿಕೆ ಕಿತ್ತುಕೊಂಡು, ಅವನು ಬೇರೆ ದಾರಿಯಲ್ಲಿ ಹೊಟ್ಟೆ ಹೊರೆದುಕೊಂಡರೆ ‘ನೋಡಿ, ನಮ್ಮಿಂದ ಉದ್ಧಾರವಾದ’ ಅಂತ ಹೇಳುವುದು, ಅಂಗಡಿ ಸುಟ್ಟು ವಿಮೆ ಸಿಕ್ಕಿತಲ್ಲ ಅಂದ ಹಾಗೆ. ಅವನ ಜೊತೆ ಇಂದೋರಿನಲ್ಲಿ ಬೇರೆ ಹುಡುಗರನ್ನೂ ಹಿಡಿದಿದ್ದರು. ಅವರಿಗೆ ಯಾವ ಟಿವಿಯವರು ಕಪ್ಪು ಕೊಟ್ಟರು?

ಒಂದು ಕೇಳಿಕೆ. ಆ ಪತ್ರದ ಕೊನೆಗೆ ‘ಹಾಸ್ಯಗಾರರೆಂದರೆ ನಂಬಲಿಕ್ಕಾಗದ ಜಾತಿ’ ಎಂಬ ಸಾಲೂ ಇತ್ತು. ಬರೆದವರು ಪೆರ್ಲದ ಕಡೆ ಬಂದರೆ ನಮ್ಮ ಅಂಗಡಿಗೆ ಬರಲಿ. ತಕ್ಕಡಿಯ ತಟ್ಟೆ ಮಗುಚಿ ತೋರಿಸುತ್ತೇನೆ. ಹುಣಸೆಹಣ್ಣು ಇಲ್ಲ.

ಇತಿ ತಮ್ಮ ವಿಶ್ವಾಸಿ,
ಪಾತ್ರೆ ಅಂಗಡಿಯವ, ಪೆರ್ಲ
ಕಾಸರಗೋಡು ಜಿಲ್ಲೆ