ಹ್ಯಾರಿ ಸ್ಮಿತ್ ಚಿತ್ರಗಳ ಪ್ರದರ್ಶನ ಮತ್ತೆ ನಡೆಯಲಿ

ಮಾನ್ಯ ಸಂಪಾದಕರೇ,

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕಾಲೇಜೊಂದರಲ್ಲಿ ಅಮೆರಿಕದ ಕಲಾವಿದ ಹಾಗೂ ಚಲನಚಿತ್ರಕಾರ ಹ್ಯಾರಿ ಸ್ಮಿತ್ ಅವರ ಚಿತ್ರಗಳನ್ನು ವಿದ್ಯಾರ್ಥಿಗಳಿಗೆ ತೋರಿಸಲು ಏರ್ಪಾಡಾಗಿತ್ತು. ‘ಇವು ವಾಮಾಚಾರದ ಸಿನಿಮಾಗಳು, ಮೌಢ್ಯಕ್ಕೆ ಕುಮ್ಮಕ್ಕು ಕೊಡುತ್ತವೆ’ ಎಂಬ ಆಕ್ಷೇಪ ಬಂದ ಕೂಡಲೇ ಅದನ್ನು ಕೈಬಿಡಲಾಯಿತು. ಆಕ್ಷೇಪಿಸಿದವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವರು ಯಾವ ವೈಚಾರಿಕತೆಯ ಹೆಸರಿನಲ್ಲಿ ಮಾತನಾಡಿದರೋ ಆ ವೈಚಾರಿಕತೆಯೇ ಈ ತೀರ್ಮಾನವನ್ನು ಒಪ್ಪಲಾರದು.

ಸ್ಮಿತ್ (1923–1991) ಅವರಿಗೂ ಗೂಢವಿದ್ಯೆಗೂ ನಂಟಿತ್ತೆಂಬುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ತಂದೆ ತಾಯಿ ಥಿಯಾಸಫಿಯಲ್ಲಿ, ಅಂದರೆ ಎಲ್ಲ ಧರ್ಮಗಳ ಒಳತಿರುಳನ್ನು ಅರಸುವ ಪಂಥದಲ್ಲಿ, ಆಸಕ್ತರಾಗಿದ್ದವರು. ಮಗ ರಸವಿದ್ಯೆಯ ಹಳೆಯ ಗ್ರಂಥಗಳನ್ನು ಜೀವಮಾನವಿಡೀ ಓದಿದವರು, ಗೂಢವಿದ್ಯೆಗೆ ಹೆಸರಾದ ಇಂಗ್ಲಿಷ್ ಲೇಖಕ ಅಲೀಸ್ಟರ್ ಕ್ರೌಲಿಯ ಅನುಯಾಯಿಗಳ ಬಳಗದಲ್ಲಿ ಗೌರವದ ಸ್ಥಾನ ಪಡೆದವರು. ಆದರೆ ಆ ಓದು ಅವರ ಕೈಯಲ್ಲಿ ಏನಾಯಿತು ಎಂಬುದನ್ನು ನೋಡದೆ ತೀರ್ಪು ಕೊಡುವುದು ನ್ಯಾಯವಲ್ಲ. ಆರಂಭದ ಚಿತ್ರಗಳಲ್ಲಿ ಅವರು ಕ್ಯಾಮೆರಾವನ್ನೇ ಬಳಸದೆ 35 ಮಿ.ಮೀ. ಫಿಲ್ಮ್ ಸುರುಳಿಯ ಮೇಲೆ ನೇರವಾಗಿ ಬಣ್ಣ ಹಾಕಿದರು. ಅಂಟಿನ ಸಣ್ಣ ಸಣ್ಣ ಬಿಲ್ಲೆಗಳನ್ನು ಫಿಲ್ಮಿಗೆ ಅಂಟಿಸಿ, ಅದರ ಮೇಲೆ ಬಣ್ಣ ಸಿಂಪಡಿಸಿ, ವ್ಯಾಸಲೀನ್ ಸವರಿ, ಆಮೇಲೆ ಬಿಲ್ಲೆಗಳನ್ನು ಒಂದೊಂದಾಗಿ ಕಿತ್ತು, ಖಾಲಿ ಉಳಿದ ಜಾಗಕ್ಕೆ ಇನ್ನೊಂದು ಬಣ್ಣ ಕೊಡುತ್ತಿದ್ದರು. ತೆರೆಯ ಮೇಲಿನ ಒಂದು ಸೆಕೆಂಡಿಗೆ ಇಂಥ 24 ಚೌಕಟ್ಟುಗಳು ಬೇಕು. ತ್ರಿಕೋನ, ವೃತ್ತ, ಚೌಕಗಳು ಉಸಿರಾಡುವಂತೆ ಹಿಗ್ಗಿ ಕುಗ್ಗುವ ಆ ಚಿತ್ರಗಳಲ್ಲಿ ನನಗೆ ಕಾಣುವುದು ಅಪಾರವಾದ ಕೈಕೆಲಸದ ಶ್ರದ್ಧೆ.

ಮುಂದೆ ಮಾಡಿದ ‘ಹೆವನ್ ಅಂಡ್ ಅರ್ತ್ ಮ್ಯಾಜಿಕ್’ ಚಿತ್ರದಲ್ಲಿ ಹಳೆಯ ಕ್ಯಾಟಲಾಗ್‌ಗಳಿಂದ ಕತ್ತರಿಸಿದ ಚಿತ್ರಗಳು ಕಪ್ಪು ಹಿನ್ನೆಲೆಯಲ್ಲಿ ಓಡಾಡುತ್ತವೆ. ಸ್ಮಿತ್ ಅವರೇ ಕೊಟ್ಟ ವಿವರಣೆಯಂತೆ, ಕಲ್ಲಂಗಡಿ ಕಳೆದುಕೊಂಡ ಹೆಂಗಸೊಬ್ಬಳಿಗೆ ಹಲ್ಲುನೋವು ಬರುತ್ತದೆ, ದಂತವೈದ್ಯನ ಕುರ್ಚಿಯಿಂದ ಅವಳು ಸ್ವರ್ಗಕ್ಕೆ ಏರುತ್ತಾಳೆ. ಇದರಿಂದ ಯಾವ ವಿದ್ಯಾರ್ಥಿ ಮಾಟ ಕಲಿತಾನು?

ಅವರ ಇನ್ನೊಂದು ಸಾಧನೆಯನ್ನು ನಮ್ಮ ಸೀಮೆಯವರು ವಿಶೇಷವಾಗಿ ಗಮನಿಸಬೇಕು. 1920ರ ದಶಕದ ಕೊನೆಯ ಮತ್ತು 30ರ ದಶಕದ ಮೊದಲ ವರ್ಷಗಳಲ್ಲಿ ಧ್ವನಿಮುದ್ರಣಗೊಂಡು ಜನ ಮರೆತಿದ್ದ ಅಮೆರಿಕದ ಜನಪದ ಹಾಡುಗಳಿಂದ 84ನ್ನು ಆರಿಸಿ 1952ರಲ್ಲಿ ಅವರು ಒಂದು ಸಂಕಲನ ತಂದರು. ಮುಂದಿನ ತಲೆಮಾರಿನ ಗಾಯಕರಿಗೆ ಅದೇ ಪಠ್ಯವಾಯಿತು, 1991ರಲ್ಲಿ ಅದಕ್ಕಾಗಿ ಗ್ರ್ಯಾಮಿ ಗೌರವವೂ ಸಂದಿತು. ಸಂಪುಟಗಳನ್ನು ಅವರು ನೀರು, ಬೆಂಕಿ, ಗಾಳಿ ಎಂಬ ಧಾತುಗಳಿಗೆ ಹೊಂದಿಸಿದ್ದರು. ಮುಖಪುಟದಲ್ಲಿದ್ದದ್ದು 17ನೇ ಶತಮಾನದ ಚಿತ್ರ: ನಮ್ಮ ಏಕತಾರಿಯಂಥ ಒಂದೇ ತಂತಿಯ ವಾದ್ಯ ಭೂಮಿಯಿಂದ ಮುಗಿಲಿನವರೆಗೆ ನಿಂತಿದೆ, ಮೇಲಿಂದ ಚಾಚಿದ ಕೈಯೊಂದು ಶ್ರುತಿ ಮಾಡುತ್ತಿದೆ. ನಮ್ಮ ಜಿಲ್ಲೆಯ ಸಂತಕವಿ ಕೈವಾರ ತಾತಯ್ಯನವರ ತತ್ವಪದಗಳನ್ನೂ ಕಾಲಜ್ಞಾನವನ್ನೂ ಭಜನೆಗಳಲ್ಲಿ ಕೇಳಿ ಬೆಳೆದ ಮಕ್ಕಳಿಗೆ ಈ ಚಿತ್ರ ಅಪರಿಚಿತವೆನಿಸದು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದರು. ಅವರ ಪ್ರಶ್ನೆ ಇದ್ದದ್ದು ಪವಾಡ ಮಾಡುತ್ತೇನೆಂದು ಸಾರಿಕೊಳ್ಳುವವರಿಗೆ: ಹಾಗಾದರೆ ಪರೀಕ್ಷೆಗೆ ಬನ್ನಿ. ಸ್ಮಿತ್ ಅವರ ಚಿತ್ರಗಳು ರೋಗ ವಾಸಿ ಮಾಡುತ್ತೇವೆ ಎನ್ನುವುದಿಲ್ಲ, ಯಾರ ಜೇಬಿಗೂ ಕೈಹಾಕುವುದಿಲ್ಲ. ವಾಮಾಚಾರ ತಡೆಗೆಂದು 2017ರಲ್ಲಿ ನಮ್ಮ ರಾಜ್ಯ ತಂದ ಕಾಯ್ದೆಯೂ ನಿಧಿಯಾಸೆಗೆ, ಭಯಕ್ಕೆ ಜನರನ್ನು ಬಲಿ ಕೊಡುವ ಅಮಾನುಷ ಕೃತ್ಯಗಳ ವಿರುದ್ಧವಾದದ್ದು. ಆ ಕಾಯ್ದೆ ಇನ್ನೂ ಬಿಗಿಯಾಗಿ ಜಾರಿಯಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅದರ ಹೆಸರು ಹೇಳಿ ಕಲಾಕೃತಿಯ ಬಾಗಿಲು ಮುಚ್ಚಿದರೆ ನಿಜವಾದ ವಂಚಕರಿಗೆ ಏನೂ ನಷ್ಟವಿಲ್ಲ.

ಆದ್ದರಿಂದ ಕಾಲೇಜಿನ ಆಡಳಿತ ಮಂಡಳಿ ಪ್ರದರ್ಶನವನ್ನು ಮತ್ತೆ ಏರ್ಪಡಿಸಬೇಕು, ಆಕ್ಷೇಪಿಸಿದವರನ್ನೂ ಕರೆಯಬೇಕು, ಚಿತ್ರ ಮುಗಿದ ಮೇಲೆ ಪ್ರಶ್ನೆಗಳಿಗೆ ಸಾಕಷ್ಟು ಸಮಯ ಕೊಡಬೇಕೆಂದು ವಿನಂತಿಸುತ್ತೇನೆ. ಫಿಲ್ಮಿನ ಮೇಲೆ ಬಣ್ಣ ಕೂರುವ ಬಗೆಯನ್ನು, ನಿಂತ ಚಿತ್ರಗಳು ಕಣ್ಣಿಗೆ ಚಲಿಸುವಂತೆ ಕಾಣುವ ಕಾರಣವನ್ನು ವಿದ್ಯಾರ್ಥಿಗಳಿಗೆ ವಿವರಿಸಲು ನಾನು ಸಂತೋಷದಿಂದ ಬರುತ್ತೇನೆ.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಗೌರಿಬಿದನೂರು