ಸವಳು ನೆಲ, ಹತ್ತಿ ಸಸಿ, ಜೊತೆಗೆ ನಿಂತವರು

ಹೋದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿದವರ ಜೊತೆ ಸರಿಯಾಗಿ ಮಾತಾಡಲೂ ಆಗಲಿಲ್ಲ, ಗಂಟಲು ಕಟ್ಟಿಬಿಟ್ಟಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಏನು ಕೆಲಸ ಮಾಡಿದೆ ಅಂತ ತುಂಬಾ ಜನ ಕೇಳಿದ್ದೀರಿ. ಹತ್ತಿ ಉಪ್ಪನ್ನು ತಕ್ಕಮಟ್ಟಿಗೆ ತಡೆಯುವ ಬೆಳೆ. ಆದರೆ ಮೊಳಕೆ ಒಡೆಯುವಾಗ, ಎಳೆ ಸಸಿಯಾಗಿದ್ದಾಗ ಅದೂ ಸೊರಗುತ್ತದೆ. ಬೇರು ಹೀರಿದ ಸೋಡಿಯಂ ಜೀವಕೋಶದಲ್ಲಿ ಎಲ್ಲೆಂದರಲ್ಲಿ ಉಳಿದರೆ ಕೋಶದ ಕೆಲಸವೇ ಕೆಡುತ್ತದೆ. ನಮ್ಮ ಕಡೆ ಹಗೇವಿಗೆ ಜೋಳ ತುಂಬಿ ಬಾಯಿ ಮುಚ್ಚುವಂತೆ, ಅದನ್ನು ಕೋಶದೊಳಗಿನ ರಸದಾನಿಗೆ (ರಸ ತುಂಬಿದ ಚೀಲ, ವ್ಯಾಕ್ಯೂಲ್) ತುಂಬಿಡಬೇಕು. ಈ ಕೆಲಸ ಮಾಡುವ ಪ್ರೋಟೀನುಗಳ ಜೀನ್‌ಗಳು ಎನ್‌ಎಚ್‌ಎಕ್ಸ್ ಅನ್ನುವ ಕುಟುಂಬಕ್ಕೆ ಸೇರಿವೆ. ಸಾಸಿವೆ ಜಾತಿಯ ಪುಟ್ಟ ಗಿಡ ಅರಾಬಿಡಾಪ್ಸಿಸ್‌ನಲ್ಲಿ ಈ ಕುಟುಂಬದ ಜೀನ್‌ಗಳು 8 ಇವೆ. ಅವುಗಳಲ್ಲಿ ಒಂದನ್ನು ಹತ್ತಿಗೆ ಸೇರಿಸಿದರೆ ಉಪ್ಪಿನಲ್ಲೂ ಇಳುವರಿ ಹೆಚ್ಚುತ್ತದೆ ಅಂತ ಅಮೆರಿಕದ ವಿಜ್ಞಾನಿಗಳು 2005ರಲ್ಲೇ ತೋರಿಸಿದ್ದರು. ಹತ್ತಿಯ ಸ್ವಂತ ಎನ್‌ಎಚ್‌ಎಕ್ಸ್ ಜೀನ್‌ಗಳಲ್ಲಿ ಯಾವುದು ಉಪ್ಪಿಗೆ ಏಳುತ್ತದೆ, ಯಾವುದು ಸುಮ್ನಿರುತ್ತದೆ, ಬೇರಿನಲ್ಲೋ ಎಲೆಯಲ್ಲೋ, ಎಷ್ಟು ಹೊತ್ತಿಗೆ? ಇಷ್ಟೇ ನನ್ನ ಪ್ರಶ್ನೆ.

ಇದು ಕೇಳಲು ಸುಲಭ. ನಾವು ಬೆಳೆಯುವ ಅಮೆರಿಕನ್ ಹತ್ತಿಯಲ್ಲಿ ಎರಡು ಪೂರ್ವಜರ ಕ್ರೋಮೋಸೋಮುಗಳು ಒಟ್ಟಿಗಿವೆ, ಒಟ್ಟು 52. ಹಾಗಾಗಿ ಹೆಚ್ಚಿನ ಜೀನ್‌ಗಳಿಗೆ ಹೆಚ್ಚುಕಡಿಮೆ ಒಂದೇ ಥರದ ಎರಡು ಪ್ರತಿ. ಬೇಕಾದ ಜೀನ್ ಹುಡುಕಿ ಅಂಟಿಕೊಳ್ಳಲು ನಾವು ಬಳಸುವ ಡಿಎನ್‌ಎ ತುಣುಕು, ಅಂದರೆ ಪ್ರೈಮರ್, ಎರಡಕ್ಕೂ ಅಂಟಿದರೆ ಯಾವುದನ್ನು ಅಳೆಯುತ್ತಿದ್ದೇವೆ ಅಂತಲೇ ಗೊತ್ತಾಗದು. ನನ್ನ ಗೈಡ್ ಮೇಡಂ ಎರಡೂ ಪ್ರತಿಗಳ ಡಿಎನ್‌ಎ ಅಕ್ಷರಗಳ ಸಾಲನ್ನು ಪ್ರಿಂಟ್ ತೆಗೆದು, ಪಕ್ಕಪಕ್ಕ ಇಟ್ಟು, ಬೇರೆಯಾಗಿರುವ ಒಂದೊಂದು ಅಕ್ಷರಕ್ಕೂ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಸಿದರು. ಆ ತಾಳ್ಮೆಗೆ ಹೇಗೆ ಥ್ಯಾಂಕ್ಸ್ ಹೇಳಲಿ ಮೇಡಂ!

ಯಾವ ಜೀನ್ ಎಷ್ಟು ಎದ್ದಿದೆ ಅಂತ ಅಳೆಯಲು ಬೇಕಾದ ಆರ್‌ಎನ್‌ಎಯನ್ನು ಎಲೆ, ಬೇರಿನಿಂದ ತೆಗೆಯುವುದನ್ನು ಕಲಿಸಿದ ಸೀನಿಯರ್ ಅಕ್ಕನಿಗೆ ನಾನು ತುಂಬಾ ಋಣಿ. ಹತ್ತಿ ಎಲೆಯಲ್ಲಿ ಪಾಲಿಫಿನಾಲ್ (ಎಲೆಯನ್ನು ಕಂದಾಗಿಸುವ ವಸ್ತು) ಜಾಸ್ತಿ. ಎಲೆಯನ್ನು ಗಟ್ಟಿ ಹೆಪ್ಪುಗಟ್ಟಿಸುವ ಲಿಕ್ವಿಡ್ ನೈಟ್ರೋಜನ್ ಸುರಿದು ಮಾರ್ಟರ್‌ನಲ್ಲಿ ಅರೆಯುವಾಗ ಪುಡಿ ತಿಳಿ ಹಸಿರಾಗಿ, ಒಣಗಿ ಉದುರುತ್ತಿರಬೇಕು. ಸ್ವಲ್ಪ ಕರಗಿತೋ, ಕಂದು ಬಣ್ಣಕ್ಕೆ ತಿರುಗುತ್ತದೆ, ಆ ಸ್ಯಾಂಪಲ್ ಹೋದಂತೆಯೇ. ಅಕ್ಕ ತನ್ನ ಥೀಸಿಸ್ ಗಡಿಬಿಡಿಯಲ್ಲೂ ಪಕ್ಕ ನಿಂತು ಹೇಳಿಕೊಟ್ಟಳು. ಉಪ್ಪು ನೀರಿಗಿಟ್ಟ ಸಸಿಗಳ ಎಲೆ ಕೀಳುವ ಹೊತ್ತು ನಡುರಾತ್ರಿ ಬಂದರೂ ನೈಟ್ರೋಜನ್ ಕ್ಯಾನ್ ತುಂಬಿಸಿಟ್ಟು, ಬಾಗಿಲು ತೆರೆದು ಕಾಯುತ್ತಿದ್ದ ಅಟೆಂಡರ್ ಅಣ್ಣನ ಹೆಸರು ಯಾವ ಪೇಪರಿನಲ್ಲೂ ಬರುವುದಿಲ್ಲ. ಅವರಿಲ್ಲದೆ ಆ ಪೇಪರೇ ಇರುತ್ತಿರಲಿಲ್ಲ.

ಗಂಗಾವತಿ ಕಡೆಯ ಒಬ್ಬ ರೈತರು ತಮ್ಮ ಹೊಲದ ಮಣ್ಣು ತೆಗೆಯಲು ಬಿಟ್ಟರು. ತುಂಗಭದ್ರಾ ಕಾಲುವೆ ಬಂದಾಗ ಅಲ್ಲಿ ಹತ್ತಿ, ಜೋಳದಂಥ ಕಡಿಮೆ ನೀರಿನ ಬೆಳೆಗಳೇ ಹೆಚ್ಚಿರಲಿ ಅಂತ ಯೋಜನೆ ಇತ್ತು. ಭತ್ತ ಹಬ್ಬಿತು. ಕಪ್ಪು ಮಣ್ಣಿನಲ್ಲಿ ನೀರು ಬಸಿಯಲಿಲ್ಲ, ಕೆಳಗಿನ ನೀರು ಮೇಲೆ ಬಂತು, ಜೊತೆಗೆ ಉಪ್ಪೂ. “ಬ್ಯಾಸಿಗ್ಯಾಗ ಬಾರವ್ವ, ಹೊಲ ಸುಣ್ಣ ಹೊಡದಂಗ ಕಾಣತೈತಿ” ಅಂದಿದ್ದರು. ನಿಮ್ಮ ಕಡೆ ಇದಕ್ಕೆ ಔಷಧ ಇದೆಯಾ ಅಂತಲೂ ಕೇಳಿದ್ದರು. ಇಲ್ಲ ಕಾಕಾ, ಇನ್ನೂ ಇಲ್ಲ. ನಿಮ್ಮ ಹೊಲಕ್ಕೆ ಮೊದಲು ಬೇಕಿರುವುದು ನೀರು ಬಸಿದು ಹೋಗುವ ದಾರಿ. ಜೀನ್ ಆ ಕೆಲಸ ಮಾಡಲಾರದು. ಯಾವ ತಳಿಯ ಸಸಿ ಮೊದಲ ತಿಂಗಳು ದಾಟುತ್ತದೆ ಅಂತ ಬೇಗ ಗುರುತಿಸಲು ನಮ್ಮ ಕೆಲಸ ನೆರವಾಗಬಹುದು. ಅಷ್ಟನ್ನು ನಂಬಿಯೇ ಇಷ್ಟು ವರ್ಷ ದುಡಿದಿದ್ದೇನೆ.

ಅಪ್ಪ, ಅವ್ವ, ಮದುವೆ ಮಾತೆತ್ತದೆ ಕಾದಿದ್ದಕ್ಕೆ ನಿಮಗೆ ಶರಣು.

ಹತ್ತಿಯಲ್ಲಿ ಇದೇ ಕೆಲಸ ಶುರುಮಾಡುತ್ತಿರುವವರು ಸಂಕೋಚ ಬೇಡ, ಮೆಸೇಜ್ ಮಾಡಿ. ಪ್ರೈಮರ್ ಪಟ್ಟಿ, ಅಕ್ಕ ಕಲಿಸಿದ ಆರ್‌ಎನ್‌ಎ ವಿಧಾನ ಎರಡನ್ನೂ ಕಳಿಸುತ್ತೇನೆ.