ಇಳಿದರೆ ನಾವು ಯಾರು ಅಂದೆಯಲ್ಲ

ಪ್ರೀತಿಯ ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ನಿಮ್ಮ ಬ್ಯಾಂಡಿನ ಆಲ್ಬಂ ಚಾರ್ಟ್‌ಗೆ, ಅಂದರೆ ಜನ ಮೆಚ್ಚಿದ ಆಲ್ಬಂಗಳ ವಾರದ ಪಟ್ಟಿಗೆ, ಬಂದ ಸುದ್ದಿ ಕೇಳಿ ನಿಮ್ಮತ್ತೆ ತುಪ್ಪದ ದೀಪ ಹಚ್ಚಿದಳು. ನನಗೆ ಮಾತ್ರ ಕೊನೆಯ ಸಾಲು ಗಂಟಲಲ್ಲೇ ಸಿಕ್ಕಿಕೊಂಡಿದೆ. "ಮುಂದಿನ ವಾರ ಇಳಿದುಬಿಟ್ಟರೆ ನಾವು ಯಾರು ಮಾವ?" ಅಂತ ಬರೆದಿದ್ದೀಯ. ಗೆದ್ದ ವಾರದಲ್ಲೇ ಇಂಥ ಭಯವಾ?

ನನ್ನ ಅಟ್ಟದ ಗಿಟಾರಿನ ಕಥೆ ನಿನಗೆ ಗೊತ್ತು, ಅದು ಬೇಡ. ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನವರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಇದೆಯಲ್ಲ, ಚಿಕ್ಕವನಿದ್ದಾಗ ಆ ಕ್ಯಾಸೆಟ್ಟಿಗೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆ. 1973ರ ಆಲ್ಬಂ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಚಾರ್ಟ್‌ನಲ್ಲಿ ಅದು ಮೊದಲ ಸ್ಥಾನದಲ್ಲಿದ್ದದ್ದು ಒಂದೇ ಒಂದು ವಾರ. ಅವರ ಸ್ವಂತ ನಾಡು ಬ್ರಿಟನ್ನಿನಲ್ಲಿ ಆಗ ಎರಡನೇ ಸ್ಥಾನಕ್ಕೇ ನಿಂತಿತು. ಅವರೂ ಇಳಿದರು, ಅಲ್ವಾ? ಆದರೆ ಬಿಲ್‌ಬೋರ್ಡ್‌ನ 200ರ ಪಟ್ಟಿಯಲ್ಲಿ 1988ರವರೆಗೆ, ನಡುನಡುವೆ ಬಿಟ್ಟು, ಒಟ್ಟು 741 ವಾರ ಇತ್ತು.

ಆ ಹಾಡುಗಳನ್ನು ರೆಕಾರ್ಡ್ ಬರುವ ಒಂದು ವರ್ಷ ಮುಂಚಿನಿಂದಲೇ ವೇದಿಕೆ ಮೇಲೆ ನುಡಿಸಿ ನುಡಿಸಿ ತಿದ್ದಿದ್ದರು. ‘ಮನಿ’ ಹಾಡಿನ ಶುರುವಿಗೆ ಚಿಲ್ಲರೆ, ಕಾಗದ ಹರಿಯೋದು, ಗಲ್ಲಾಪೆಟ್ಟಿಗೆ, ಇವುಗಳ ಸದ್ದು ಬರುತ್ತಲ್ಲ, ಅದು ಟೇಪನ್ನು ಸ್ಕೇಲಿಟ್ಟು ಅಳೆದು, ಕತ್ತರಿಸಿ, ಅಂಟಿಸಿ ಮಾಡಿದ್ದು. ಎಣಿಸಿ ನೋಡು, ನಮ್ಮ ಮಿಶ್ರಛಾಪು ತಾಳದ ಹಾಗೆ ಏಳು ಎಣಿಕೆ. ತೊಡೆ ಮೇಲೆ ತಾಳ ಹಾಕುತ್ತಾ ನಾನದನ್ನು ಕಲಿತೆ.

ಗೆದ್ದ ಮೇಲೆ ಅವರಿಗೂ ಮುಂದೇನು ಅಂತ ತೋಚಲಿಲ್ಲ. ರಬ್ಬರ್ ಬ್ಯಾಂಡು, ಬಾಟಲಿ ಇಂಥ ಮನೆ ಸಾಮಾನಿನಲ್ಲೇ ಒಂದು ಆಲ್ಬಂ ಮಾಡಲು ಹೋಗಿ ಕೈಬಿಟ್ಟರು. ಆಮೇಲೆ 1975ರಲ್ಲಿ ಹೊಸ ಆಲ್ಬಂ ಮಾಡುತ್ತಿದ್ದಾಗ, ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋಗೆ ದಪ್ಪಗಿನ ಒಬ್ಬ ಮನುಷ್ಯ ಬಂದ. ತಲೆ, ಹುಬ್ಬು ಎರಡೂ ಬೋಳಿಸಿಕೊಂಡಿದ್ದ. ಮೊದಲು ಅವರಿಗೆ ಗುರುತೇ ಸಿಗಲಿಲ್ಲ. ಸಿಡ್ ಬ್ಯಾರೆಟ್ ಅವನು. ಅವರ ಬ್ಯಾಂಡಿನ ಮೊದಲ ಹಾಡುಗಾರ, 1968ರಲ್ಲಿ ಅವನನ್ನು ಬಿಟ್ಟು ಅವರು ಮುಂದೆ ಹೋಗಿದ್ದರು. ಆ ಹೊಸ ಆಲ್ಬಂನಲ್ಲಿ ಅವನನ್ನೇ ನೆನೆದು ಮಾಡಿದ ಹಾಡೂ ಇತ್ತು.

"ನಾವು ಯಾರು" ಅನ್ನೋ ನಿನ್ನ ಮಾತು ಓದಿದಾಗಿನಿಂದ ನನಗೆ ಇದೇ ನೆನಪು. ನಮ್ಮ ಕಾಲೇಜು ಬ್ಯಾಂಡಿನಲ್ಲೂ ಡ್ರಮ್ಸ್ ನುಡಿಸುವವನೊಬ್ಬ ಇದ್ದ. ತಾಳ ತಪ್ಪುತ್ತಾನೆ ಅಂತ ಸ್ಪರ್ಧೆಗೆ ಎರಡು ವಾರ ಇದ್ದಾಗ ಬಿಟ್ಟೆವು. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಅದನ್ನು ಹೇಳಿದವನು ನಾನೇ. ಅವನು ಏನೂ ಮಾತಾಡಲಿಲ್ಲ. ಸ್ಟಿಕ್ಕುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದ. ನಮಗೆ ಮೂರನೇ ಬಹುಮಾನ ಬಂತು. ಅವನಿಗೆ ನಾನು ಒಂದು ಕಾಗದ ಕೂಡ ಬರೆಯಲಿಲ್ಲ. ಆ ಟವೆಲು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಿನಗೆ ಏನು ಹೇಳಲಿ? ಫೋನಿನಲ್ಲಿ ಆ ಚಾರ್ಟನ್ನು ದಿನಕ್ಕೆ ಒಂದೇ ಸಲ ನೋಡು. ಈಗಿನ ಪದ್ಧತಿ ನನಗೆ ಜಾಸ್ತಿ ಗೊತ್ತಿಲ್ಲ, ಆದರೂ ಹೇಳಿದೆ. ಹೊಸ ಹಾಡನ್ನು ಮೊದಲು ಚಿಕ್ಕ ಜಾಗದಲ್ಲಿ, ಹತ್ತು ಜನರ ಮುಂದೆ ನುಡಿಸಿ. ರಾತ್ರಿ ಊಟ ಬಿಡಬೇಡ.

ಇಳಿಯುತ್ತೀರಿ ಪುಟ್ಟ, ಇವತ್ತಲ್ಲ ನಾಳೆ. ಇಳಿದ ವಾರ ಸುಮ್ನೆ ಇಲ್ಲಿಗೆ ಬಂದುಬಿಡು, ಎಲ್ಲರನ್ನೂ ಕರೆದುಕೊಂಡು. ಕಾಗದವನ್ನು ಮೂರು ಸಲ ಓದಿದೆ. ಡ್ರಮ್ಸ್ ನುಡಿಸುತ್ತಿದ್ದ ಆ ಹುಡುಗನ ಹೆಸರು ಎಲ್ಲೂ ಇಲ್ಲ. ನಿಮ್ಮ ಜೊತೆಗೇ ಇದ್ದಾನೆ ತಾನೆ?

ನಿನ್ನ ಸೋದರಮಾವ